ಪೂಜೆಯ ಹೊತ್ತಿಗೇ ಬೀಳುವ ಸ್ವಿಚ್ಚು

ಯಾದಗಿರಿಯಲ್ಲಿ ರೈಲು ಇಳಿದಾಗ ಬೆಳಗಿನ ಏಳೂ ಆಗಿರಲಿಲ್ಲ. ಬಿಸಿಲು ಮಾತ್ರ ನನಗಿಂತ ಮೊದಲೇ ಬಂದು ಪ್ಲಾಟ್‌ಫಾರ್ಮಿನ ಮೇಲೆ ಕಾಲು ಚಾಚಿ ಕೂತಿತ್ತು. ಬೆಂಗಳೂರಿನಿಂದ ಸ್ಲೀಪರ್ ಬೋಗಿಗೆ ಮುನ್ನೂರು ಚಿಲ್ಲರೆ ರೂಪಾಯಿ ಕೊಟ್ಟು, ಮೇಲಿನ ಬರ್ತಿನಲ್ಲಿ ಒಂದು ಭಾರದ ಪೆಟ್ಟಿಗೆಯನ್ನು ತಬ್ಬಿಕೊಂಡು ಮಲಗಿ ಬಂದಿದ್ದೆ. ಕೆಳಗಿನ ಬರ್ತಿನ ಹಿರಿಯರು ಅದರಲ್ಲಿ ಚಿನ್ನವಿದೆ ಎಂದುಕೊಂಡು ರಾತ್ರಿಯೆಲ್ಲ ನನಗಿಂತ ಹೆಚ್ಚು ಕಾವಲು ಕಾದರು. ಇದ್ದದ್ದು ಮೀಟರು, ತಂತಿ, ಸ್ಪ್ಯಾನರು ಮತ್ತು ಒಂದು ಜೊತೆ ಬನಿಯನ್ನು.

ತುಮಕೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಕೆಲಸ. ನಾವು ಮಾಡುವುದು ಶಾಕ್ ಹೊಡೆಯದಂತೆ ಕಾಯುವ ಸ್ವಿಚ್ಚು. ತಂತಿಯಲ್ಲಿ ಹೋದಷ್ಟು ವಿದ್ಯುತ್ತು ಮರಳಿ ಬರದೆ ಬೇರೆ ದಾರಿಯಲ್ಲಿ, ಉದಾಹರಣೆಗೆ ನಿಮ್ಮ ಮೈಯಿಂದ, ನೆಲಕ್ಕೆ ಇಳಿಯಿತೆಂದರೆ ರೆಪ್ಪೆ ಬಡಿಯುವುದರೊಳಗೆ ಅದು ತಾನಾಗಿ ಬಿದ್ದು ಕರೆಂಟು ಕಡಿಯುತ್ತದೆ. ಈ ಕಡೆಯವರು ಅದನ್ನು ಡಬ್ಬಿ ಎನ್ನುತ್ತಾರೆ. ನನಗೆ ಕಂಪನಿ ಕೊಟ್ಟ ಹೆಸರು ಗ್ರಾಹಕ ಸಂಪರ್ಕ ಎಂಜಿನಿಯರ್. ಕಚೇರಿಯಲ್ಲಿ ಮಾಲೀಕರಿಂದ ಹಿಡಿದು ಕಾವಲುಗಾರರವರೆಗೆ ಎಲ್ಲರ ದನಿ ಅನುಕರಿಸಿ ಎಲ್ಲರ ಕೈಯಲ್ಲೂ ಬೈಸಿಕೊಂಡವನನ್ನು ಹೊರಗೆ ಕಳಿಸಲು ಅದೊಂದು ಮರ್ಯಾದೆಯ ಉಪಾಯ.

ಈ ಸಲ ಕಳಿಸಿದ್ದು ಒಂದು ಫೋನಿನಿಂದಾಗಿ. ಶಹಾಪುರದಲ್ಲಿ ಮಹಬೂಬ್ ಚಾಚಾ ಎಂಬ ಹಳೆಯ ವೈರ್‌ಮನ್ ಇದ್ದಾರೆ. ಮೂರು ತಿಂಗಳ ಹಿಂದೆ ನಮ್ಮ ಡಬ್ಬಿಗಳನ್ನು ಯಾದಗಿರಿಯ ಒಂದು ಬೇಳೆ ಮಿಲ್ಲು, ಶಹಾಪುರದ ಒಂದು ಹತ್ತಿ ಮಿಲ್ಲು, ಸುರಪುರದ ಒಂದು ಅಕ್ಕಿ ಮಿಲ್ಲಿಗೆ ಅವರೇ ಮುಂದೆ ನಿಂತು ಹಾಕಿಸಿದ್ದರು. ಕಂಪನಿಯ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ. ಮಿಲ್ಲಿನವರು ಒಪ್ಪಿದ್ದು ಚಾಚಾನ ಮಾತಿಗೆ.

"ಸುರಪುರದ ಸಾವ್ಕಾರ್ರು ಭಾಳ ಗರಂ ಆಗ್ಯಾರ," ಎಂದರು ಚಾಚಾ ಫೋನಿನಲ್ಲಿ. "ದಿನಾ ಮುಂಜಾನಿ ಪೂಜಾದ ಟೈಮಿಗೇ ನಿಮ್ಮ ಡಬ್ಬಿ ಬೀಳಾಕತ್ತದ. ಶನಿವಾರ ಅಮಾಸಿ. ಅವತ್ತು ಪೂಜಾದಾಗ ಬಿತ್ತಂದ್ರ ಕಿತ್ತು ರೋಡಿಗಿ ಒಗಿತೀನಿ ಅಂದಾರ. ಅವರು ಕಿತ್ತಿದ್ರ ಉಳಿದ ಇಬ್ಬರೂ ಕೀಳ್ತಾರ. ಆಮ್ಯಾಲ ಈ ಕಡಿ ನನ್ನ ಮಾತಿಗಿ ಕಿಮ್ಮತ್ ಇರಂಗಿಲ್ಲ. ತಿಳೀತೇನು?"

ನಮ್ಮ ಮಾಲೀಕರಿಗೆ ತಿಳಿಸಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, "ಗ್ರಾಹಕರೇ ದೇವ್ರು ಕಣೋ, ಹೋಗ್ ಬಾ," ಎಂದರು. ಅದೇ ದನಿಯಲ್ಲಿ ಅದೇ ಮಾತನ್ನು ಅವರ ಬಾಗಿಲಾಚೆ ನಾಲ್ಕು ಜನರಿಗೆ ಹೇಳಿ ಹೊರಟೆ.

ಯಾದಗಿರಿ ನಿಲ್ದಾಣದ ಹೊರಗೆ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದೆ. ಊರಿಗೆ ಬಂದ ಅರ್ಧ ಗಂಟೆಯಲ್ಲಿ ಊರಿನ ಮಾತು ಕಲಿತೆನೆಂಬ ಹಮ್ಮು ನನಗೆ. "ಯಪ್ಪಾ, ಇನ್ನೆರಡು ಮಿರ್ಚಿ ಹಾಕ್ರಿ, ಖಾರ ಭಾಳ ಚಲೋ ಅದ," ಎಂದೆ. ಹೋಟೆಲಿನವನು ಎಣ್ಣೆಯ ಜಾಲರಿ ಸೌಟು ತೊಳೆಯುತ್ತ ನನ್ನ ಮುಖ ನೋಡದೆಯೇ ಕೇಳಿದ: "ಯಾವ ಊರಿನವ್ರಿ?"

"ಇಲ್ಲೇದಾವ್ನೇ ರೀ."

"ಇಲ್ಲೇದಾವ್ರು ಹಿಂಗ ನಾಟಕದಾಗ ಮಾತಾಡಿದಂಗ ಮಾತಾಡಂಗಿಲ್ಲರಿ," ಎಂದು ಮಿರ್ಚಿ ಹಾಕಿದ. ಅರವತ್ತು ರೂಪಾಯಿಯ ತಿಂಡಿಗೆ ಆ ವಿಮರ್ಶೆ ಪುಕ್ಕಟೆ.

ಬೇಳೆ ಮಿಲ್ಲು ಊರ ಹೊರಗೆ. ಒಳಗೆ ತೊಗರಿಯ ಧೂಳು ಎಷ್ಟಿತ್ತೆಂದರೆ, ಮ್ಯಾನೇಜರ್ ವೀರಭದ್ರಪ್ಪನವರು ಕನ್ನಡಕ ಒರೆಸಿಕೊಂಡ ಮೇಲೆಯೇ ನಾನು ಯಾರೆಂದು ತೀರ್ಮಾನಿಸಿದರು. ಅಲ್ಲಿ ಡಬ್ಬಿಯ ಮೇಲೆ ದೂರೇ ಇರಲಿಲ್ಲ. ಸ್ವಿಚ್‌ಬೋರ್ಡಿನ ಮುಂದೆ ಹಾಸಲು ನಾವು ಡಬ್ಬಿಯ ಜೊತೆ ದಪ್ಪ ರಬ್ಬರ್ ಮ್ಯಾಟ್ ಕಳಿಸುತ್ತೇವೆ. ಬೋರ್ಡು ಮುಟ್ಟುವವರು ಅದರ ಮೇಲೆ ನಿಂತರೆ ಕರೆಂಟಿಗೆ ಮೈಯಿಂದ ನೆಲಕ್ಕಿಳಿಯಲು ದಾರಿ ಇರುವುದಿಲ್ಲ. ಅದು ಎಲ್ಲೂ ಕಾಣಲಿಲ್ಲ. ಕೇಳಿದ್ದಕ್ಕೆ ಅವರು ಹೆಮ್ಮೆಯಿಂದ ಕಪಾಟು ತೆಗೆದು, ಇನ್ನೂ ಪ್ಲಾಸ್ಟಿಕ್ಕಿನಲ್ಲೇ ಸುತ್ತಿಕೊಂಡಿದ್ದ ಮ್ಯಾಟ್ ತೋರಿಸಿದರು.

"ನೋಡ್ರಿ, ಒಬ್ಬರಿಗೂ ಕಾಲ ತಾಗಿಸಾಕ ಬಿಟ್ಟಿಲ್ಲ. ಹೊಸಾದು ಹೊಸಾದೇ ಅದ."

ನಗು ತಡೆದುಕೊಂಡು ಮ್ಯಾಟನ್ನು ಬಿಚ್ಚಿ ಬೋರ್ಡಿನ ಮುಂದೆ ಹಾಸಿದೆ. ಹೇಗೆ ನಿಲ್ಲಬೇಕೆಂದು ತೋರಿಸಲು ಬೂಟಿನ ಸಮೇತ ಅದರ ಮೇಲೆ ನಿಂತೆ. ವೀರಭದ್ರಪ್ಪನವರ ಮುಖ ಹುಣಸೆಹಣ್ಣು ಕಚ್ಚಿದಂತಾಯಿತು. ಮ್ಯಾಟು ಕೊಳೆಯಾಯಿತೆಂದು ಸಂಕಟ ಎಂದುಕೊಂಡೆ. ಆ ಮುಖವನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.

ಶಹಾಪುರಕ್ಕೆ ಮೂವತ್ತೈದು ಕಿಲೋಮೀಟರಿನಷ್ಟು ದಾರಿ, ಟಿಕೆಟ್ಟು ನಲವತ್ತೈದು ರೂಪಾಯಿ. ಭೀಮಾ ನದಿಯ ಸೇತುವೆ ದಾಟುವಾಗ ಬಸ್ಸಿನೊಳಕ್ಕೆ ಒಂದು ಗುಕ್ಕು ತಣ್ಣನೆ ಗಾಳಿ ಬಂತು. ಆಮೇಲೆ ಮತ್ತೆ ಒಲೆಯ ಬಾಯಿ. ಎರಡೂ ಕಡೆ ಹತ್ತಿ ಬಿಡಿಸಿ ಮುಗಿದ ಕರಿಹೊಲ. ಶಹಾಪುರ ಹತ್ತಿರವಾದಾಗ, ಮನುಷ್ಯ ಅಂಗಾತ ಮಲಗಿದಂತೆ ಕಾಣುವ ಗುಡ್ಡ ಎದುರಾಯಿತು. ಬಸ್ಸಿನಲ್ಲಿ ಅರ್ಧ ಜನ ಅದೇ ಭಂಗಿಯಲ್ಲಿದ್ದರು.

ಮಹಬೂಬ್ ಚಾಚಾ ಸ್ಕೂಟರಿನ ಮೇಲೆ ಕಾದಿದ್ದರು. ಅರವತ್ತರ ಆಸುಪಾಸು, ಕಿವಿಯ ಸಂದಿನಲ್ಲಿ ಟೆಸ್ಟರು. ಮೊದಲು ಚಾ ಎಂದರು. ಅವರು ಕಪ್ಪನ್ನು ಎಡಗೈಯಲ್ಲಿ ಎತ್ತುವಾಗ ಎರಡು ಬೆರಳು ಮಡಚದೆ ನವಾಬರಂತೆ ನೆಟ್ಟಗೆ ನಿಂತವು. ಎರಡನೆಯ ಗುಟುಕಿಗೆ ನನ್ನ ಬೆರಳುಗಳೂ ಹಾಗೇ ನಿಂತಿದ್ದವು. ಮೂರನೆಯದಕ್ಕೆ ಹುಬ್ಬೂ ಏರಿತು. ಚಾದಂಗಡಿಯವನು ನಕ್ಕ. ಚಾಚಾ ನಗಲಿಲ್ಲ, ಬೈಯಲೂ ಇಲ್ಲ.

"ಚಂದ ಮಾಡಿದಿ ತುಮಕೂರ," ಎಂದರು. ಅಂದಿನಿಂದ ಅದೇ ನನ್ನ ಹೆಸರು. "ಇವು ನಿನ್ನ ವಯಸ್ಸಿನಾಗ ಹ್ವಾದವು. ಬೋರ್ಡಿನ ಬಾಗಲ ಮುಟ್ಟಿದ್ದೆ, ಬರಿಗಾಲಾಗಿದ್ದೆ. ಯಾರೋ ಕಟ್ಟಿಗಿಲೆ ಹೊಡದು ಬಿಡಿಸಿದ್ರು. ಹೂಂ, ಚಾ ಕುಡಿ, ಆರ್ತದ."

ಬೆರಳು ಮಡಚಿಕೊಂಡು ಕುಡಿದೆ. ನಕಲು ಮಾಡುವವನಿಗೆ ಮುಖ ಎಲ್ಲಿಡಬೇಕೆಂದು ತಿಳಿಯದ ಗಳಿಗೆ ಎಂದರೆ ಅದು.

ಹತ್ತಿ ಮಿಲ್ಲಿನಲ್ಲಿ ನಮ್ಮ ಮ್ಯಾಟು ಕಪಾಟಿನಲ್ಲಿರಲಿಲ್ಲ, ಭರ್ಜರಿ ಬಳಕೆಯಲ್ಲಿತ್ತು. ಅದರ ಮೇಲೆ ಹನ್ನೊಂದು ಜೋಡಿ ಚಪ್ಪಲಿ ಸಾಲಾಗಿ ಕೂತಿದ್ದವು. ಮಲ್ಲಪ್ಪ ಎಂಬ ಆಪರೇಟರು ತನ್ನ ಜೋಡನ್ನೂ ಅಲ್ಲೇ ಬಿಟ್ಟು, ಬರಿಗಾಲಲ್ಲಿ ಸಿಮೆಂಟ್ ನೆಲದ ಮೇಲೆ ಎರಡು ಹೆಜ್ಜೆ ನಡೆದು, ಬೋರ್ಡಿಗೆ ಕೈಮುಗಿದು ಸ್ವಿಚ್ಚು ಎತ್ತಿದ. ಬೋರ್ಡಿನ ಹಣೆಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೆ ಲಕ್ಷ್ಮಿಯ ಪಟ.

"ಅಣ್ಣಾರೇ, ಚಪ್ಪಲಿ ಹಾಕ್ಕೊಂಡು ಮ್ಯಾಟ್ ಮೇಲೆ ನಿಂತ್ಕೊಂಡು ಮುಟ್ಬೇಕು," ಎಂದೆ.

"ದಸರಾಕ್ಕ ಪೂಜಾ ಮಾಡಿದ ಬೋರ್ಡರಿ ಇದು. ಇದರ ಮುಂದ ಚಪ್ಪಲ್ ಹಾಕ್ಕೊಂಡು ಹ್ಯಾಂಗ ನಿಂದರ್ತೀರಿ?" ಎಂದ ಮಲ್ಲಪ್ಪ, ನನ್ನ ಬೂಟನ್ನು ನೋಡುತ್ತ. ಯಾದಗಿರಿಯ ವೀರಭದ್ರಪ್ಪನವರು ಹುಣಸೆಹಣ್ಣು ಕಚ್ಚಿದ್ದು ಯಾಕೆಂದು ಆಗ ಹೊಳೆಯಿತು.

"ನಾ ಮೂವತ್ತು ವರ್ಷಾತು ಹೇಳಾಕತ್ತಿ," ಎಂದರು ಚಾಚಾ ಹೊರಗೆ ಬಂದ ಮೇಲೆ. "ನಾ ಇದ್ದಾಗ ಹಾಕ್ಕೊಂತಾರ, ಸ್ಕೂಟರ್ ಚಾಲೂ ಆಗೂದರಾಗ ಬಿಡ್ತಾರ."

ರಾತ್ರಿ ಶಹಾಪುರದಲ್ಲೇ ಉಳಿದು, ಮರುದಿನ ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಸ್ಕೂಟರಿನಲ್ಲಿ ಸುರಪುರದ ದಾರಿ ಹಿಡಿದೆವು. ಇಪ್ಪತ್ತೈದು ಕಿಲೋಮೀಟರು, ಚಾಚಾನ ವೇಗದಲ್ಲಿ ಒಂದು ಗಂಟೆ. ಕಾಲುವೆ ನೀರಿನ ಭತ್ತದ ಗದ್ದೆಗಳು ಹಸಿರಾಗಿದ್ದವು. ಆಮೇಲೆ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗುಡ್ಡಗಳ ನಡುವೆ ಊರು. ಅಕ್ಕಿ ಮಿಲ್ಲಿನ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸುವಾಗ, ಅವರ ಫೋನಿನಲ್ಲಿ ಹಿನ್ನೆಲೆಗೆ ಕೇಳಿಸಿದ್ದ ಸಾಹುಕಾರರ ದನಿಯನ್ನು ಚಾಚಾನ ಧೈರ್ಯಕ್ಕೆಂದು ಎತ್ತಿದೆ: "ಏ ಮಹಬೂಬ, ಈ ಡಬ್ಬಿ ನನ್ನ ಮಿಲ್ಲಿನಾಗ ಇರಂಗಿಲ್ಲ, ರೋಡಿನಾಗ ಇರ್ತದ."

ಚಾಚಾ ಯಾಕೋ ನೆಲ ನೋಡಿದರು. ಹಿಂದಿನಿಂದ ಅದೇ ದನಿ ಬಂತು, ನನ್ನದಕ್ಕಿಂತ ಚೆನ್ನಾಗಿ.

"ಕೆಮ್ಮು ಬಿಟ್ಟೀ ನೋಡು. 'ಮಹಬೂಬ' ಅಂದ ಮ್ಯಾಲ ನಾ ಒಮ್ಮಿ ಕೆಮ್ಮತೀನಿ."

ಚನ್ನಪ್ಪ ಸಾಹುಕಾರರು ಬಿಳಿ ಧೋತರ, ಬಿಳಿ ಮೀಸೆ, ಕೈಯಲ್ಲಿ ಬೇವಿನ ಕಡ್ಡಿ. ನಾನು ಸತ್ತೆ ಎಂದುಕೊಂಡೆ. "ಇನ್ನೊಮ್ಮಿ ಅನ್ನು," ಎಂದರು. ಕೆಮ್ಮು ಸೇರಿಸಿ ಅಂದೆ. "ಹಾಂ, ಈಗ ಬಂತು. ನಾಳಿ ಪೂಜಾದಾಗ ಕರೆಂಟ್ ಹೋದ್ರ ಇದನ್ನ ನಾ ಅನ್ನಾವ, ನೀ ಕೇಳಾವ. ಒಳಗ ನಡೀರಿ."

ಒಳಗೆ ಶರಣಮ್ಮ ಪೂಜೆಗೆ ಅಣಿ ಮಾಡುತ್ತಿದ್ದರು. ಐವತ್ತು ದಾಟಿದ ಹೆಂಗಸು. ಮಿಲ್ಲು ಗುಡಿಸುವುದು, ಮುಂಜಾನೆಯ ಪೂಜೆ, ಎರಡೂ ಅವರದೇ. ಚಪ್ಪಲಿಯನ್ನು ನಮ್ಮ ರಬ್ಬರ್ ಮ್ಯಾಟಿನ ಮೇಲೆ ನೀಟಾಗಿ ಬಿಟ್ಟರು. ಬೋರ್ಡಿನ ಮುಂದಿನ ನೆಲಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕಿದರು. ಆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಬೆರಳು ನೀರಿಗದ್ದಿ ಕುಂಕುಮ ಕಲಸಿ, ಲಕ್ಷ್ಮಿಯ ಪಟವಿದ್ದ ಬೋರ್ಡಿನ ಕಬ್ಬಿಣದ ಬಾಗಿಲಿಗೆ ಹಚ್ಚಿದರು.

ಟಕ್ ಎಂದು ಡಬ್ಬಿ ಬಿತ್ತು. ಇಡೀ ಮಿಲ್ಲು ಕತ್ತಲಾಯಿತು.

"ಕಂಡ್ಯಾ?" ಎಂದರು ಸಾಹುಕಾರರು.

ಶರಣಮ್ಮ ಗಾಬರಿಯಾಗಲಿಲ್ಲ. ಕತ್ತಲಲ್ಲೇ ಕೈಮುಗಿದು ನಿಂತಿದ್ದರು. ಹತ್ತಿರ ಹೋಗಿ ಕೇಳಿದೆ, "ಅಮ್ಮ, ಮುಟ್ಟಿದಾಗ ಕೈಗೆ ಏನಾದ್ರೂ ಆಯ್ತಾ?"

"ಜುಮ್ ಅಂತದರಿ ಸರ," ಎಂದರು ಸಂಕೋಚದಿಂದ, ಖಾಸಗಿ ಸುದ್ದಿ ಹೇಳುವವರಂತೆ. "ದಸರಾಕ್ಕ ಬೋರ್ಡಿಗಿ ಹೊಸ ಬಣ್ಣ ಹಚ್ಯಾರಲ್ಲ, ಅವತ್ತಿಂದ ಅಂತದ. ಮೊದಲ ಮೊಣಕೈ ತನಕ ಬರ್ತಿತ್ತು. ಈ ಡಬ್ಬಿ ಬಂದ ಮ್ಯಾಲ ಬಂದಂಗ ಮಾಡಿ ಹೋಗಿಬಿಡ್ತಾಳ. ತಾಯಿ ಅದಾಳರಿ ಇದರಾಗ."

ಚಾಚಾ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. ಇಬ್ಬರೂ ಒಣ ಮ್ಯಾಟಿನ ಮೇಲೆ ಬೂಟು ಹಾಕಿ ನಿಂತು ಡಬ್ಬಿ ಎತ್ತಿ, ಬಾಗಿಲಿಗೂ ನೆಲಕ್ಕೂ ಮೀಟರು ಹಿಡಿದೆವು. ಇನ್ನೂರು ವೋಲ್ಟು ದಾಟಿತು. ಮೇನ್ ಸ್ವಿಚ್ಚು ಇಳಿಸಿ ಬಾಗಿಲು ತೆಗೆದರೆ ಎಲ್ಲ ಕಣ್ಣೆದುರಿಗೇ ಇತ್ತು. ಬೋರ್ಡಿನ ಮೇಲಿನ ಕೆಂಪು ಸೂಚಕ ದೀಪಕ್ಕೆ ಹೋಗುವ ತಂತಿ ಬಾಗಿಲ ಸಂದಿಯಲ್ಲಿ ಉಜ್ಜಿ ಉಜ್ಜಿ ಸಿಪ್ಪೆ ಬಿಟ್ಟು ಕಬ್ಬಿಣಕ್ಕೆ ತಾಗಿತ್ತು. ಹಾಗೆ ತಾಗಿದ ಕರೆಂಟನ್ನು ಭೂಮಿಗೆ ಒಯ್ಯಬೇಕಾದ ಅರ್ಥಿಂಗ್ ತಂತಿಯನ್ನು ಬಣ್ಣದವನು ಬಿಚ್ಚಿ, ಬೋರ್ಡಿಗೆಲ್ಲ ದಪ್ಪಗೆ ಬಣ್ಣ ಬಳಿದು, ಆ ಬಣ್ಣದ ಮೇಲೆಯೇ ಮತ್ತೆ ಬಿಗಿದಿದ್ದ. ನೋಡಲು ಗಟ್ಟಿ, ಸಂಪರ್ಕ ಸೊನ್ನೆ. ಕರೆಂಟಿಗೆ ಭೂಮಿಗಿಳಿಯಲು ಉಳಿದ ದಾರಿ ಶರಣಮ್ಮನ ಮೈ ಒಂದೇ. ಡಬ್ಬಿ ಇರದಿದ್ದರೆ ಎಂದು ಯೋಚಿಸುವಾಗ ಚಾಚಾನ ಎಡಗೈ ಕಡೆಗೆ ನೋಡದಿರಲು ಬಹಳ ಪ್ರಯತ್ನಪಟ್ಟೆ.

"ನೀ ಹೇಳು," ಎಂದರು ಚಾಚಾ ಮೆಲ್ಲಗೆ. "ಮಹಬೂಬ ಹೋಗಿ 'ಅದು ನಿಮ್ಮ ದೇವಿ ಅಲ್ಲ' ಅಂದ್ರ ಚಲೋ ಕಾಣಸ್ತದೇನು?"

ಯಾರ ದನಿಯಲ್ಲಿ ಹೇಳಲಿ ಎಂದು ಹುಡುಕಿದೆ. ಡಾಕ್ಟರು, ಮೇಷ್ಟ್ರು, ಪ್ರವಚನಕಾರರು, ಯಾರೂ ಒದಗಲಿಲ್ಲ. ಕಡೆಗೆ ನನ್ನ ಸ್ವಂತ ತುಮಕೂರಿನ ದನಿಯಲ್ಲೇ, ಸುಲಿದ ತಂತಿ ತೋರಿಸಿ, ನಡೆದದ್ದನ್ನು ಹೇಳಿದೆ. ಶರಣಮ್ಮ ತಮ್ಮ ಬೆರಳಿನ ಕುಂಕುಮ ನೋಡಿಕೊಂಡರು. ತಂತಿ ನೋಡಿದರು.

"ಹಂಗಾರ ಇಷ್ಟು ದಿನಾ ನಾ ಕರೆಂಟಿಗಿ ಕುಂಕುಮ ಹಚ್ಚೀನಿ," ಎಂದರು. ಡಬ್ಬಿಯ ಕಡೆ ತಿರುಗಿ, "ಈ ಡಬ್ಬಿ ದಿನಾ ಬಿದ್ದು ನನ್ನ ಉಳಿಸೇದ. ನಾವು ಅದಕ್ಕ ಬೈದೀವಿ."

ಸಾಹುಕಾರರು ಬೇವಿನ ಕಡ್ಡಿಯನ್ನು ಬಾಯಿಂದ ತೆಗೆದರು.

ತಂತಿ ಬದಲಿಸಲು, ಬಣ್ಣ ಕೆರೆದು ಅರ್ಥಿಂಗ್ ಬಿಗಿಯಲು, ಹೊರಗಿನ ಅರ್ಥಿಂಗ್ ಗುಂಡಿಗೆ ನೀರು ಹಾಕಿ ಅಳೆಯಲು ಮಧ್ಯಾಹ್ನವಾಯಿತು. ಶರಣಮ್ಮನ ಬುತ್ತಿಯಲ್ಲೇ ನಮಗೂ ಪಾಲು ಬಂತು: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಕಷ್ಟ ಶುರುವಾದದ್ದು ಊಟವಾದ ಮೇಲೆ. ಇವತ್ತಿನ ತಂತಿ ಸರಿಯಾಯಿತು, ನಾಳೆ ಇನ್ನೊಂದು ಸುಲಿಯಬಹುದು. ಒದ್ದೆ ನೆಲ, ಬರಿಗಾಲು ಮಾತ್ರ ಕೂಡದು ಎಂದೆ. ಚಪ್ಪಲಿ ಹಾಕಿಕೊಂಡು ಪೂಜೆ ಮಾಡಲಿ, ಇಲ್ಲವೇ ಪಟವನ್ನು ಗೋಡೆಗೆ ಸರಿಸಲಿ.

"ಚಪ್ಪಲ್ ಹಾಕ್ಕೊಂಡು ಪೂಜಾ?" ಎಂದರು ಸಾಹುಕಾರರು. "ನಿಮ್ಮ ತುಮಕೂರಿನಾಗ ಮಾಡ್ತಾರೇನು? ಮಿಲ್ಲ ನಡಸಾಕಿ ಆ ಲಕ್ಷ್ಮಿ. ಆಕಿನ್ನ ಗ್ವಾಡಿಗಿ ಕಳಸ್ತೀಯಾ?"

ಗ್ರಾಹಕರೇ ದೇವರು ಎಂದು ಕಳಿಸಿದವರು, ಗ್ರಾಹಕರು ನಮ್ಮ ಸರಕಿನ ಮೇಲೆಯೇ ದೇವರನ್ನು ಕೂರಿಸಿದರೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ.

"ಮನ್ಯಾಗ ಪೂಜಾ ಮಾಡೂಮುಂದ ನೆಲದ ಮ್ಯಾಲ ಎಲ್ಲಿ ನಿಂದರ್ತೀವ್ರಿ?" ಎಂದರು ಶರಣಮ್ಮ ರೊಟ್ಟಿಯ ಬಟ್ಟೆ ಮಡಚುತ್ತ. "ಮಣಿ ಹಾಕ್ಕೊಂತೀವಿ. ಇಲ್ಲೂ ಒಂದು ಕಟ್ಟಿಗಿ ಮಣಿ ಹಾಕ್ರಿ. ನಿಮ್ಮ ರಬ್ಬರ್ ಅದರ ಬುಡಕ ಹೋಗ್ಲಿ. ಮಣಿ ಮ್ಯಾಲ ಯಾರೂ ಚಪ್ಪಲ್ ಬಿಡಂಗಿಲ್ಲ, ಚಪ್ಪಲ್ ಹಾಕ್ಕೊಂಡು ಏರಂಗೂ ಇಲ್ಲ."

ಬರೀ ಒಂದು ಮರದ ಮಣೆ. ಚಾಚಾ ನನ್ನನ್ನು ನೋಡಿದರು, ನಾನು ಚಾಚಾನನ್ನು. ಕಂಪನಿಯಲ್ಲಿ ಐದು ಜನ ಎಂಜಿನಿಯರುಗಳು ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಆ ಮ್ಯಾಟಿನ ದಪ್ಪ, ಗೆರೆ, ಬಣ್ಣ ತೀರ್ಮಾನಿಸಿದ್ದೆವು. ಅದರ ಮೇಲೆ ಯಾರು, ಹೇಗೆ, ಯಾಕೆ ನಿಲ್ಲುತ್ತಾರೆಂದು ಒಬ್ಬರೂ ಕೇಳಿರಲಿಲ್ಲ. ಆ ಐವರಲ್ಲಿ ಅತಿ ಜೋರಾಗಿ ಮಾತಾಡಿದವನು ನಾನೇ.

ಪೇಟೆಯ ಬಡಿಗರ ಕೈಯಲ್ಲಿ ಎರಡು ಅಡಿ ಅಗಲದ ಒಣ ತೇಗದ ಹಲಗೆ ಮಾಡಿಸಿದೆವು. ಉತ್ಸಾಹದಲ್ಲಿ ಮ್ಯಾಟನ್ನು ಹಲಗೆಗೆ ಜಡಿಯಲು ಮೊಳೆ ಎತ್ತಿದೆ. ಚಾಚಾ ಸುತ್ತಿಗೆ ಕಸಿದುಕೊಂಡರು.

"ಅರೇ ಬಾಬಾ, ಕರೆಂಟಿಗಿ ನೀನ ದಾರಿ ಮಾಡಿಕೊಡಾಕತ್ತಿಯಲ್ಲ. ಮೊಳಿ ನಕ್ಕೋ, ಬ್ಯಾಡೇ ಬ್ಯಾಡ, ಅಂಟು ಹಚ್ಚು. ಇಂಜನೀರ್ ಅಂತ, ಇಂಜನೀರ್."

ಮಾಲೀಕರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಕೇಳಿ ಮುಗಿಸಿ, "ಮಣೆ ಅಳತೆ ಕಳ್ಸೋ," ಎಂದರು. "ಮ್ಯಾಟ್ ಬದ್ಲು ಅದನ್ನೇ ಮಾಡೋಣ. ಆ ಯಮ್ಮನ ಹೆಸ್ರೂ ಬರ್ಕೊಂಡ್ ಬಾ." ಅವರನ್ನು ಅನುಕರಿಸಬೇಕೆಂದು ಆ ದಿನ ಅನ್ನಿಸಲಿಲ್ಲ.

ಶನಿವಾರ ಅಮಾವಾಸ್ಯೆ. ಬೆಳಿಗ್ಗೆ ಆರೂವರೆಗೆ ಮಿಲ್ಲಿನ ಮಂದಿಯೆಲ್ಲ ಸೇರಿದ್ದರು. ರಂಗೋಲಿ ಈ ಸಲ ಒಂದು ಬದಿಗೆ, ನೀರಿಲ್ಲದೆ. ಶರಣಮ್ಮ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು, ಮಣೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ಕುಂಕುಮ ಹಚ್ಚಿದರು. ಚಾಚಾನ ತುಟಿ ಅಲುಗುತ್ತಿತ್ತು. ದೀಪ ಬೆಳಗಿತು, ಗಂಟೆ ಮೊಳಗಿತು, ಕಾಯಿ ಒಡೆಯಿತು. ಡಬ್ಬಿ ಬೀಳಲಿಲ್ಲ.

"ಆತು. ಇರ್ಲಿ ಬಿಡು ನಿಮ್ಮ ಡಬ್ಬಿ," ಎಂದರು ಸಾಹುಕಾರರು, ಕಾಯಿಯ ಹೋಳು ಚಾಚಾನ ಕೈಗಿಟ್ಟು.

ಅಲ್ಲಿಗೆ ಬ್ಯಾಗು ಎತ್ತಿಕೊಂಡು ಹೊರಡಬಹುದಿತ್ತು. ಆದರೆ ಬೀಳದ ಡಬ್ಬಿ ಎರಡು ಕಾರಣಕ್ಕೆ ಬೀಳದಿರಬಹುದು: ಸೋರಿಕೆ ಇಲ್ಲವೆಂದು, ಅಥವಾ ಡಬ್ಬಿಯೇ ಕೆಟ್ಟಿದೆಯೆಂದು. ಅದಕ್ಕೇ ಅದರ ಮೈಮೇಲೆ ಒಂದು ಪುಟ್ಟ ಗುಂಡಿ ಇದೆ. ತಿಂಗಳಿಗೊಮ್ಮೆ ಒತ್ತಬೇಕು, ಒತ್ತಿದಾಗ ಬಿದ್ದರೆ ಅದಕ್ಕೆ ಜೀವವಿದೆ ಎಂದರ್ಥ. ಇದನ್ನು ಹೇಳಿದೆ. ಚಾಚಾ ಸುಮ್ಮನಿರೆಂದು ಹೆಬ್ಬೆರಳಿನಿಂದ ನನ್ನ ಕಾಲೊತ್ತಿದರು. ಆದರೂ ಹೇಳಿ ಮುಗಿಸಿದೆ.

"ಅಮಾಸಿ ದಿನಾ ಬೆಳಗಿದ ದೀಪದ ಮುಂದ ಕತ್ತಲಿ ಮಾಡು ಅಂತೀಯಾ?" ಸಾಹುಕಾರರ ದನಿ ಇಳಿದಿತ್ತು. ಅದು ಜೋರಿಗಿಂತ ಕೆಟ್ಟದು. "ಮಹಬೂಬ, ಏನಿದು?"

ಚಾಚಾ ಕೈಯಲ್ಲಿದ್ದ ಕಾಯಿಯ ಹೋಳನ್ನು ನೋಡಿದರು. ಅದನ್ನು ಜೇಬಿಗಿಟ್ಟು, "ಹುಡುಗ ಖರೇ ಹೇಳ್ಯಾನ್ರಿ," ಎಂದರು. "ಒತ್ತಿದ್ರ ಬಿದ್ದಿಲ್ಲಂದ್ರ ನಾನ ಕಿತ್ತು ರೋಡಿಗಿ ಒಗಿತೀನಿ."

ಶರಣಮ್ಮ ಇನ್ನೂ ಮಣೆಯ ಮೇಲೇ ಇದ್ದರು. ಅಲ್ಲಿಂದಲೇ ಅಂದರು:

"ಸಾವ್ಕಾರ್ರ, ಇಷ್ಟು ದಿನಾ ನನಗ ಗೊತ್ತಿಲ್ಲದಂಗ ನನ್ನ ಕೈಲೆ ಕರೆಂಟ್ ಹೋಗೇದ. ಇವತ್ತ ಗೊತ್ತಿದ್ದು ತಗಿತೀನಿ, ನಾನ ಹಚ್ಚತೀನಿ. ಪ್ರತಿ ಅಮಾಸಿಗಿ ಗಾಡಿಗಿ, ಅಂಗಡಿಗಿ ಪೂಜಾ ಮಾಡಂಗಿಲ್ಲೇನು? ಇದಕ್ಕೂ ಅವತ್ತ ಒಮ್ಮಿ ಕೇಳೂಣು, ಎಚ್ಚರ ಇದ್ದೀಯೇನು ಅಂತ."

ಅನುಮತಿಗೆ ಕಾಯದೆ ಗುಂಡಿ ಒತ್ತಿದರು. ಟಕ್. ಫ್ಯಾನುಗಳು ನಿಧಾನವಾಗಿ ನಿಂತವು. ಎಣ್ಣೆಯ ದೀಪ ಒಂದೇ ಉಳಿಯಿತು. ಆ ಬೆಳಕಿನಲ್ಲಿ ಶರಣಮ್ಮ ಹಿಡಿಕೆಯನ್ನು ಎತ್ತಿದರು. ಮಿಲ್ಲಿನಲ್ಲಿ ಬೆಳಕು ತುಂಬಿತು.

ಸಾಹುಕಾರರು ಕೆಮ್ಮಿದರು.

ಹತ್ತು ನಿಮಿಷದ ಮೇಲೆ ಚಾಚಾನ ಸ್ಕೂಟರಿನ ಹಿಂದೆ ಪೆಟ್ಟಿಗೆ ತಬ್ಬಿ ಕೂತು ಬಸ್‌ಸ್ಟ್ಯಾಂಡಿನ ಕಡೆ ಹೊರಟೆ. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ, ಮಿಲ್ಲಿನ ಗೇಟಿನ ಮೇಲೆ ಹಗಲಲ್ಲೂ ಉರಿಯುತ್ತಿದ್ದ ಬಲ್ಬು ಆರಿತು. ಡಬ್ಬಿ ಮತ್ತೆ ಬಿತ್ತೆಂದುಕೊಂಡೆ. ಬಲ್ಬು ಹತ್ತಿತು. ಮತ್ತೆ ಆರಿತು, ಮತ್ತೆ ಹತ್ತಿತು. ತೆರೆದ ಬಾಗಿಲೊಳಗೆ ಮಣೆಯ ಮೇಲೆ ಬಿಳಿ ಧೋತರವೊಂದು ನಿಂತಿತ್ತು.

"ತಿಂಗಳಿಗಿ ಒಮ್ಮಿ ಅಂತ ಹೇಳಿದ್ದಿಲ್ಲೇನು ಅವರಿಗಿ?" ಎಂದರು ಚಾಚಾ, ಕನ್ನಡಿಯಲ್ಲಿ ನೋಡುತ್ತ.